ಹೆಚ್ಚಿದ್ದರೆ ಕಡಿಮೆ: ಹಾರ್ಮೋನು ವರದಿಯ ಎರಡು ಮಗ್ಗುಲು

ರಕ್ತಪರೀಕ್ಷೆಯ ವರದಿಯಲ್ಲಿ ಟಿಎಸ್‌ಎಚ್ ಎಂಬ ಸಾಲಿನ ಮುಂದೆ ದಪ್ಪಕ್ಷರದಲ್ಲಿ 14 ಎಂದೋ 20 ಎಂದೋ ಅಚ್ಚಾಗಿದ್ದು, ಪಕ್ಕದಲ್ಲಿ ಇರಬೇಕಾದ ಮಿತಿ ಸುಮಾರು 0.4ರಿಂದ 4 ಎಂದು ಕಾಣಿಸಿದರೆ, ಓದಿದ ಯಾರಿಗಾದರೂ ತಮ್ಮ ಥೈರಾಯ್ಡ್ ವಿಪರೀತ ಹೆಚ್ಚಾಗಿದೆ ಎಂದೇ ಅನಿಸುತ್ತದೆ. ವೈದ್ಯರು ಅದೇ ಹಾಳೆಯನ್ನು ನೋಡಿ ಥೈರಾಯ್ಡ್ ಕಡಿಮೆಯಾಗಿದೆ ಎನ್ನುತ್ತಾರೆ, ಅದನ್ನು ತುಂಬಿಕೊಡುವ ಮಾತ್ರೆಯನ್ನೂ ಬರೆಯುತ್ತಾರೆ. ದಾವಣಗೆರೆಯ ಪ್ರಯೋಗಾಲಯವೊಂದರಲ್ಲಿ ಬಹುಕಾಲ ರಕ್ತದ ಮಾದರಿಗಳ ನಡುವೆ ಕಳೆದ ನನಗೆ, ವರದಿ ಕೊಡುವ ಕಿಟಕಿಯಲ್ಲಿ ಅತಿ ಹೆಚ್ಚು ಸಲ ಎದುರಾದ ಪ್ರಶ್ನೆ ಇದು. “ಜಾಸ್ತಿ ಐತಿ ಅಂತ ನೀವೇ ಬರದೀರಿ, ಡಾಕ್ಟ್ರು ನೋಡಿದ್ರ ಕಮ್ಮಿ ಐತಿ ಅಂತಾರ. ಯಾರ ಮಾತು ನಂಬಬೇಕ್ರೀ ಸರ?” ಎಂದು ಜಗಳೂರು ಕಡೆಯ ಹೆಂಗಸೊಬ್ಬರು ಕೇಳಿದ್ದರು. ಇಬ್ಬರ ಮಾತೂ ನಿಜ, ಅಮ್ಮಾ ಎಂದೆ. ಹಿಂದೆ ಸರದಿ ನಿಂತಿದ್ದರಿಂದ ಅದಕ್ಕಿಂತ ಹೆಚ್ಚು ಹೇಳಲಾಗಲಿಲ್ಲ. ಅಂದು ಹೇಳದೆ ಉಳಿದದ್ದನ್ನು ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ.

ಟಿಎಸ್‌ಎಚ್ ಥೈರಾಯ್ಡ್ ಗ್ರಂಥಿಯ ಹಾರ್ಮೋನೇ ಅಲ್ಲ. ಅದು ಮೆದುಳಿನ ಅಡಿಯಲ್ಲಿ, ಮೂಗಿನ ಬೇರಿನ ಹಿಂದೆ, ಎಲುಬಿನ ಸಣ್ಣ ಗುಳಿಯೊಂದರಲ್ಲಿ ಕುಳಿತಿರುವ ಕಡಲೆಕಾಳಿನಷ್ಟು ಗಾತ್ರದ ಪಿಟ್ಯುಟರಿ ಗ್ರಂಥಿಯಿಂದ ಹೊರಡುತ್ತದೆ. ಕತ್ತಿನ ಮುಂಭಾಗದಲ್ಲಿ ಶ್ವಾಸನಾಳವನ್ನು ಅಪ್ಪಿಕೊಂಡಿರುವ, ವಯಸ್ಕರಲ್ಲಿ ಸುಮಾರು 20 ಗ್ರಾಂ ತೂಗುವ ಥೈರಾಯ್ಡ್ ಗ್ರಂಥಿಗೆ ಹೋಗಿ, ಅದು ತನ್ನ ಸ್ವಂತ ಹಾರ್ಮೋನುಗಳಾದ ಟಿ4 ಮತ್ತು ಟಿ3ಗಳನ್ನು ತಯಾರಿಸಿ ಬಿಡುವಂತೆ ಮಾಡುವುದಷ್ಟೇ ಅದರ ಕೆಲಸ. ಹೀಗೆ ಬಿಟ್ಟ ಟಿ4 ರಕ್ತದಲ್ಲಿ ಸುತ್ತಾಡುತ್ತ ಪಿಟ್ಯುಟರಿಗೂ, ಅದರ ಮೇಲಿರುವ ಹೈಪೋಥಲಾಮಸ್ ಎಂಬ ಮೆದುಳಿನ ಭಾಗಕ್ಕೂ ತಲುಪುತ್ತದೆ. ಅಲ್ಲಿ ಅದು ಸಾಕಷ್ಟಿದೆ ಎಂದು ಕಂಡರೆ ಟಿಎಸ್‌ಎಚ್ ಇಳಿಯುತ್ತದೆ, ಸಾಲದೆಂದು ಕಂಡರೆ ಏರುತ್ತದೆ. ಆದ್ದರಿಂದ ಟಿಎಸ್‌ಎಚ್ 20 ಎಂದರೆ ಪಿಟ್ಯುಟರಿ ಗಟ್ಟಿಯಾಗಿ ಕೇಳುತ್ತಿದೆ, ಕತ್ತಿನಲ್ಲಿರುವ ಗ್ರಂಥಿಗೆ ಕೊಡಲಾಗುತ್ತಿಲ್ಲ ಎಂದರ್ಥ.

ಭದ್ರಾ ಅಚ್ಚುಕಟ್ಟಿನ ಕೊನೆಭಾಗದಲ್ಲಿ ಗದ್ದೆ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಲೇಬೆನ್ನೂರು, ಹರಿಹರದ ಕಡೆಯ ಗದ್ದೆಗಳಿಗೆ ನೀರು ಮುಟ್ಟದಿದ್ದಾಗಲೇ ನೀರಗಂಟಿಯ ಮೇಲೆ ಕೂಗಾಟ ಜೋರಾಗುತ್ತದೆ. ನೀರು ಮುಟ್ಟಿದ ದಿನ ಯಾರೂ ಮಾತನಾಡುವುದಿಲ್ಲ. ಕೂಗಿನ ಅಬ್ಬರವನ್ನಷ್ಟೇ ಅಳೆದು, ಕಾಲುವೆಯಲ್ಲಿ ನೀರು ಉಕ್ಕುತ್ತಿದೆ ಎಂದು ತೀರ್ಮಾನಿಸುವವನಿದ್ದರೆ ಅವನು ಟಿಎಸ್‌ಎಚ್ ವರದಿಯನ್ನು ಮೇಲ್ನೋಟಕ್ಕೆ ಓದಿದವನಂತೆಯೇ ಸರಿ.

ನನ್ನ ವಾದವೆಲ್ಲ ಇಷ್ಟೇ: ಹಾರ್ಮೋನಿನ ಅಂಕಿ ಯಾವಾಗಲೂ ಎರಡು ಕಡೆಯವರ ಮಾತುಕತೆಯಲ್ಲಿ ಒಬ್ಬರ ಮಾತು. ಹಿಮೋಗ್ಲೋಬಿನ್ ಹಾಗಲ್ಲ, ಅದು 8 ಇದ್ದರೆ ರಕ್ತ ಕಡಿಮೆ, ಅಷ್ಟೇ. ಆದರೆ ಹಾರ್ಮೋನನ್ನು ಯಾವ ಗ್ರಂಥಿ ಯಾರಿಗೆ, ಯಾವ ಹೊತ್ತಿನಲ್ಲಿ, ಯಾವುದಕ್ಕೆ ಉತ್ತರವಾಗಿ ಕಳಿಸಿತು ಎಂಬುದು ತಿಳಿಯದೆ ಹೆಚ್ಚು, ಕಡಿಮೆ ಎಂಬ ಮಾತುಗಳಿಗೆ ಅರ್ಥವೇ ಹುಟ್ಟುವುದಿಲ್ಲ.

ಥೈರಾಯ್ಡಿನ ವಿಷಯದಲ್ಲಿ ಈ ಮಾತುಕತೆ ಬಲು ಸೂಕ್ಷ್ಮವಾದದ್ದು. ರಕ್ತದಲ್ಲಿ ಮುಕ್ತವಾಗಿರುವ ಟಿ4 ಎರಡು ಪಟ್ಟು ಬದಲಾದರೆ ಟಿಎಸ್‌ಎಚ್ ಸುಮಾರು ನೂರು ಪಟ್ಟು ಬದಲಾಗಬಲ್ಲದು. ಟಿ4 ಇನ್ನೂ ಮಿತಿಯೊಳಗೇ ಇರುವಾಗ ಟಿಎಸ್‌ಎಚ್ ಮಿತಿ ದಾಟಿರುವ ವರದಿಗಳು ಅಷ್ಟೊಂದು ಬರುವುದು ಇದರಿಂದಲೇ, ಮತ್ತು ವೈದ್ಯರು ಮೊದಲು ಟಿಎಸ್‌ಎಚ್ ಒಂದನ್ನೇ ಮಾಡಿಸಿ ನೋಡುವುದೂ ಇದರಿಂದಲೇ. ಸೂಕ್ಷ್ಮವಾಗಿದ್ದರೂ ಅದು ನಿಧಾನ. ಟಿ4ನ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿರುವುದು ಅರ್ಧಕ್ಕಿಳಿಯಲು ಹಿಡಿಯುವ ಕಾಲ, ಸುಮಾರು ಒಂದು ವಾರ. ಮಾತ್ರೆಯ ಪ್ರಮಾಣವನ್ನು ಬದಲಿಸಿದರೆ ರಕ್ತದಲ್ಲಿ ಹೊಸ ಮಟ್ಟ ನೆಲೆಗೊಂಡು, ಪಿಟ್ಯುಟರಿ ಅದನ್ನು ಗಮನಿಸಿ, ತನ್ನ ಕೂಗನ್ನು ತಗ್ಗಿಸಲು ಆರು ವಾರಗಳಾದರೂ ಬೇಕು. ಹತ್ತು ದಿನಕ್ಕೇ ಮತ್ತೆ ರಕ್ತ ಕೊಡಲು ಬರುವವರನ್ನು ನಾನು ಹಿಂದಕ್ಕೆ ಕಳಿಸುತ್ತಿದ್ದೆ. ಪ್ರಯೋಗಾಲಯದ ವ್ಯಾಪಾರಕ್ಕೆ ಅದು ಒಳ್ಳೆಯದಾಗಿರಲಿಲ್ಲ. ಆದರೆ ಹತ್ತನೆಯ ದಿನದ ಅಂಕಿ ಯಾರಿಗೂ ಏನನ್ನೂ ಹೇಳುವುದಿಲ್ಲ.

ಥೈರಾಯ್ಡ್ ಊದಿ ಕತ್ತು ಉಬ್ಬುವ ಗಳಗಂಡವೂ ಈ ಮಾತುಕತೆಯ ಫಲವೇ. ಟಿ4ನಲ್ಲಿ ನಾಲ್ಕು, ಟಿ3ನಲ್ಲಿ ಮೂರು ಅಯೋಡಿನ್ ಪರಮಾಣುಗಳಿವೆ. ವಯಸ್ಕರಿಗೆ ದಿನಕ್ಕೆ ಬೇಕಾದ ಅಯೋಡಿನ್ ಕೇವಲ 150 ಮೈಕ್ರೋಗ್ರಾಂ, ಗರ್ಭಿಣಿಯರಿಗೆ 250. ಅಷ್ಟೂ ಸಿಗದಿದ್ದರೆ ಗ್ರಂಥಿ ಹಾರ್ಮೋನು ತಯಾರಿಸಲಾರದು, ಟಿಎಸ್‌ಎಚ್ ಏರುತ್ತದೆ, ಆ ಒತ್ತಾಯಕ್ಕೆ ಸಿಕ್ಕಿದ ಗ್ರಂಥಿ ಹಾರ್ಮೋನನ್ನು ಹೆಚ್ಚಿಸಲಾಗದೆ ತನ್ನ ಗಾತ್ರವನ್ನೇ ಹೆಚ್ಚಿಸಿಕೊಳ್ಳುತ್ತದೆ. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ 1956ರಲ್ಲಿ ಆರಂಭವಾದ, ವಿ. ರಾಮಲಿಂಗಸ್ವಾಮಿಯವರ ಹೆಸರಿನೊಡನೆ ಸೇರಿಹೋಗಿರುವ ಅಧ್ಯಯನದಲ್ಲಿ ಅಯೋಡಿನ್ ಬೆರೆಸಿದ ಉಪ್ಪು ಕೊಟ್ಟ ಕಡೆ ಗಳಗಂಡ ಇಳಿಯಿತು. 1962ರಲ್ಲಿ ಭಾರತ ಸರ್ಕಾರ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮವನ್ನು ತಂದಿತು. ಈಗ ಅಂಗಡಿಯಲ್ಲಿ ಕೊಳ್ಳುವ ಉಪ್ಪಿನಲ್ಲಿ ಕನಿಷ್ಠ 15 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 15 ಪಾಲು, ಅಯೋಡಿನ್ ಇರಬೇಕೆಂಬ ನಿಯಮವಿದೆ. ಕೋಸು, ಹೂಕೋಸು ತಿಂದು ಥೈರಾಯ್ಡ್ ಬಂತೆಂದು ಹೆದರುವವರಿಗೆ ಇಲ್ಲಿಯೇ ಒಂದು ಮಾತು: ಉಪ್ಪಿನಲ್ಲಿ ಅಯೋಡಿನ್ ಸಾಕಷ್ಟಿರುವ ಮನೆಯಲ್ಲಿ ಬೇಯಿಸಿದ ಕೋಸಿನ ಪಲ್ಯ ಯಾರ ಗ್ರಂಥಿಯನ್ನೂ ಕೆಡಿಸುವುದಿಲ್ಲ.

ಹಾಗಾದರೆ ಅಯೋಡಿನ್ ಉಪ್ಪು ತಿಂದೂ ಟಿಎಸ್‌ಎಚ್ ಏರುವುದೇಕೆ? ಬಹುಪಾಲು ಸಂದರ್ಭಗಳಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ತನ್ನ ಥೈರಾಯ್ಡ್ ಗ್ರಂಥಿಯನ್ನು ಪರಕೀಯವೆಂದು ತಿಳಿದು ವರ್ಷಗಟ್ಟಲೆ ಸ್ವಲ್ಪಸ್ವಲ್ಪವಾಗಿ ಹಾಳುಗೆಡಹುತ್ತದೆ. ಜಪಾನಿನ ಶಸ್ತ್ರವೈದ್ಯ ಹಕಾರು ಹಶಿಮೊಟೊ 1912ರಲ್ಲಿ ವಿವರಿಸಿದ ಈ ರೋಗ ಗಂಡಸರಿಗಿಂತ ಹೆಂಗಸರಲ್ಲಿ ಬಹಳ ಹೆಚ್ಚು. ಇದೇ ನಿರೋಧಕ ವ್ಯವಸ್ಥೆ ಇನ್ನೊಂದು ಬಗೆಯಲ್ಲೂ ಎಡವಬಲ್ಲದು: ಅದು ತಯಾರಿಸಿದ ಪ್ರತಿಕಾಯವೊಂದು ಟಿಎಸ್‌ಎಚ್ ಕೂರಬೇಕಾದ ಜಾಗದಲ್ಲಿ ತಾನೇ ಕುಳಿತು, ಗ್ರಂಥಿಯನ್ನು ಬಿಡುವಿಲ್ಲದೆ ದುಡಿಸುತ್ತದೆ. ಆಗ ಟಿ4 ಏರಿ, ಎದೆ ಹೊಡೆದುಕೊಂಡು, ಕೈ ನಡುಗಿ, ತೂಕ ಇಳಿಯುತ್ತದೆ. ಪಿಟ್ಯುಟರಿ ತನ್ನ ಕಡೆಯಿಂದ ಪೂರ್ತಿ ಸುಮ್ಮನಾಗಿರುವುದರಿಂದ ವರದಿಯಲ್ಲಿ ಟಿಎಸ್‌ಎಚ್ ಸೊನ್ನೆಯ ಹತ್ತಿರ ಬಂದಿರುತ್ತದೆ. ಡಬ್ಲಿನ್ನಿನ ರಾಬರ್ಟ್ ಗ್ರೇವ್ಸ್ 1835ರಲ್ಲಿ ಬರೆದಿಟ್ಟ ರೋಗವಿದು. ಟಿಎಸ್‌ಎಚ್ ಕಡಿಮೆ ಇದೆಯಲ್ಲ, ಒಳ್ಳೆಯದೇ ಆಯಿತು ಎಂದು ಸಮಾಧಾನಪಟ್ಟು ವೈದ್ಯರ ಬಳಿ ಹೋಗುವುದನ್ನೇ ಮುಂದೂಡಿದವರನ್ನು ನಾನು ಕಂಡಿದ್ದೇನೆ.

ರಕ್ತದ ಮೂಲಕ ಇಂಥ ಮಾತುಕತೆ ನಡೆಯುತ್ತದೆಂಬುದೇ ಮನುಷ್ಯನಿಗೆ ತಡವಾಗಿ ಹೊಳೆಯಿತು. ದೇಹದ ಆಜ್ಞೆಗಳೆಲ್ಲ ನರಗಳ ಮೂಲಕವೇ ಹೋಗುತ್ತವೆ ಎಂಬ ನಂಬಿಕೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಲವಾಗಿತ್ತು, ಮತ್ತು ರಷ್ಯಾದ ಪಾವ್ಲೋವ್ ಜೀರ್ಣರಸಗಳ ಮೇಲೆ ನಡೆಸಿದ ಪ್ರಯೋಗಗಳು ಅದಕ್ಕೆ ಬೆಂಬಲವಾಗಿದ್ದವು. 1902ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್, ನಾಯಿಯೊಂದರ ಸಣ್ಣಕರುಳಿನ ಒಂದು ತುಂಡಿಗೆ ಬರುವ ನರಗಳನ್ನೆಲ್ಲ ಕತ್ತರಿಸಿ, ರಕ್ತನಾಳಗಳನ್ನು ಮಾತ್ರ ಉಳಿಸಿ, ಒಳಗೆ ಆಮ್ಲ ಹಾಕಿ ನೋಡಿದರು. ನರವಿಲ್ಲದಿದ್ದರೂ ದೂರದಲ್ಲಿದ್ದ ಮೇದೋಜೀರಕ ಗ್ರಂಥಿ ಎಂದಿನಂತೆ ರಸ ಸುರಿಸಿತು. ಆ ಕರುಳಿನ ಒಳಪೊರೆಯನ್ನು ಕೆರೆದು, ಆಮ್ಲದಲ್ಲಿ ಅರೆದು, ಸೋಸಿ, ರಕ್ತಕ್ಕೆ ಚುಚ್ಚಿದಾಗಲೂ ಹಾಗೆಯೇ ಆಯಿತು. ಕರುಳು ರಕ್ತಕ್ಕೆ ಏನನ್ನೋ ಬಿಡುತ್ತಿದೆ ಎಂಬುದು ಖಚಿತವಾಗಿ, ಆ ವಸ್ತುವಿಗೆ ಸಿಕ್ರೀಟಿನ್ ಎಂಬ ಹೆಸರು ಬಂತು. ನನಗೆ ಈ ಪ್ರಯೋಗದಲ್ಲಿ ಮೆಚ್ಚುಗೆಯಾಗುವುದು ಅದರ ಸರಳತೆ. ಒಂದು ದಾರಿಯನ್ನು ಕಡಿದು ಹಾಕಿ, ಸುದ್ದಿ ಇನ್ನೂ ಮುಟ್ಟುತ್ತಿದೆಯೇ ಎಂದು ನೋಡಿದರು.

ಬೆವರು, ಜೊಲ್ಲು, ಕಣ್ಣೀರು ಸುರಿಸುವ ಗ್ರಂಥಿಗಳಿಗೆ ನಾಳವಿದೆ. ರಸ ಎಲ್ಲಿಗೆ ಹೋಗಬೇಕೆಂಬುದನ್ನು ಆ ನಾಳವೇ ನಿರ್ಧರಿಸುತ್ತದೆ. ಹಾರ್ಮೋನು ಬಿಡುವ ಗ್ರಂಥಿಗಳಿಗೆ ನಾಳವಿಲ್ಲ. ಅವು ತಮ್ಮ ಸರಕನ್ನು ನೇರವಾಗಿ ರಕ್ತಕ್ಕೆ ಸುರಿಯುತ್ತವೆ, ರಕ್ತ ಅದನ್ನು ಅಂಗಾಲಿನಿಂದ ನೆತ್ತಿಯವರೆಗೆ ಎಲ್ಲ ಕಡೆಗೂ ಒಯ್ಯುತ್ತದೆ. ಎಲ್ಲರ ಮನೆಯ ಮುಂದೆ ಹಾದುಹೋದರೂ ಅದಕ್ಕೆ ತಕ್ಕ ಗ್ರಾಹಕ, ಅಂದರೆ ಹಾರ್ಮೋನು ಬಂದು ಕೂರುವ ಜಾಗ, ಇರುವ ಜೀವಕೋಶ ಮಾತ್ರ ಸ್ಪಂದಿಸುತ್ತದೆ. ಇನ್ಸುಲಿನ್, ಅಡ್ರಿನಲಿನ್‌ಗಳ ಗ್ರಾಹಕಗಳು ಜೀವಕೋಶದ ಹೊರಪೊರೆಯ ಮೇಲಿರುವುದರಿಂದ ಅವುಗಳ ಪರಿಣಾಮ ಸೆಕೆಂಡು, ನಿಮಿಷಗಳಲ್ಲಿ ಕಾಣುತ್ತದೆ. ಕಾರ್ಟಿಸಾಲ್, ಈಸ್ಟ್ರೋಜನ್, ಥೈರಾಯ್ಡ್ ಹಾರ್ಮೋನುಗಳು ಒಳಗೆ ಹೋಗಿ ಜೀನುಗಳ ಕೆಲಸವನ್ನೇ ಬದಲಿಸುವುದರಿಂದ ಪರಿಣಾಮ ಕಾಣಲು ಗಂಟೆ, ದಿನಗಳು ಹಿಡಿಯುತ್ತವೆ.

ಇನ್ಸುಲಿನ್ ವಿಷಯಕ್ಕೆ ಬಂದರೆ, ಕೇಳುವವನು ಕಿವುಡಾದಾಗ ಏನಾಗುತ್ತದೆ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದಿಲ್ಲ. ಉಪವಾಸದಲ್ಲಿರುವ ಆರೋಗ್ಯವಂತರ ಸುಮಾರು ಐದು ಲೀಟರ್ ರಕ್ತದಲ್ಲಿ ಕರಗಿರುವ ಒಟ್ಟು ಸಕ್ಕರೆ ಸುಮಾರು ಐದು ಗ್ರಾಂ, ಅಂದರೆ ಒಂದು ಟೀ ಚಮಚ. ಬೆಳಗಿನ ಎರಡು ಬೆಣ್ಣೆದೋಸೆ, ಆಲೂಗಡ್ಡೆ ಪಲ್ಯ ಇದರ ಎಷ್ಟೋ ಪಟ್ಟು ಸಕ್ಕರೆಯನ್ನು ಒಂದೆರಡು ಗಂಟೆಗಳಲ್ಲಿ ರಕ್ತಕ್ಕೆ ಸುರಿಯುತ್ತವೆ. ಆದರೂ ಮಟ್ಟ ಸ್ವಲ್ಪ ಏರಿ ಮತ್ತೆ ಇಳಿಯುತ್ತದೆ. ಮೇದೋಜೀರಕದಲ್ಲಿ ದ್ವೀಪಗಳಂತೆ ಚದುರಿರುವ, ಜರ್ಮನಿಯ ಪಾಲ್ ಲ್ಯಾಂಗರ್‌ಹ್ಯಾನ್ಸ್ ವಿದ್ಯಾರ್ಥಿಯಾಗಿದ್ದಾಗ 1869ರಲ್ಲಿ ಗುರುತಿಸಿದ ಜೀವಕೋಶದ ಗುಂಪುಗಳು ಏರುವ ಸಕ್ಕರೆಗೆ ಇನ್ಸುಲಿನ್ನಿನಿಂದ ಉತ್ತರಿಸುತ್ತವೆ. ಸ್ನಾಯು, ಕೊಬ್ಬಿನ ಜೀವಕೋಶಗಳು ಸಕ್ಕರೆಯನ್ನು ಒಳಗೆಳೆದುಕೊಳ್ಳುತ್ತವೆ, ಯಕೃತ್ತು ತಾನು ಸಕ್ಕರೆ ಬಿಡುವುದನ್ನು ನಿಲ್ಲಿಸುತ್ತದೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಮೊದಲನೆಯ ಬಗೆಯ ಮಧುಮೇಹದಲ್ಲಿ ಈ ದ್ವೀಪಗಳಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳೇ ನಾಶವಾಗಿರುತ್ತವೆ. 1922ರ ಜನವರಿಯಲ್ಲಿ ಟೊರೊಂಟೊದಲ್ಲಿ ಇನ್ಸುಲಿನ್ ಪಡೆದ ಹದಿನಾಲ್ಕು ವರ್ಷದ ಹುಡುಗನಿಗೆ ಬೇಕಾಗಿದ್ದದ್ದು ಇಲ್ಲದ ಹಾರ್ಮೋನು. ನಮ್ಮಲ್ಲಿ ಶುಗರ್ ಎಂದು ಕರೆಸಿಕೊಳ್ಳುವ ಎರಡನೆಯ ಬಗೆಯಲ್ಲಿ, ರೋಗದ ಮೊದಲ ವರ್ಷಗಳಲ್ಲಿ, ಇನ್ಸುಲಿನ್ ಕಡಿಮೆ ಇರುವುದಿಲ್ಲ. ಎಷ್ಟೋ ಸಲ ಸಾಮಾನ್ಯಕ್ಕಿಂತ ಹೆಚ್ಚೇ ಇರುತ್ತದೆ. ಜೀವಕೋಶಗಳು ಅದಕ್ಕೆ ಸ್ಪಂದಿಸುವುದನ್ನು ಕಡಿಮೆ ಮಾಡಿರುತ್ತವೆ, ಗ್ರಂಥಿ ಇನ್ನಷ್ಟು ಸುರಿಸಿ ಸರಿದೂಗಿಸಲು ನೋಡುತ್ತದೆ, ಕೊನೆಗೆ ದಣಿಯುತ್ತದೆ. ಇತ್ತೀಚೆಗೆ ರಿಯಾಯಿತಿ ದರದ ಪೂರ್ಣದೇಹ ತಪಾಸಣೆಯ ಪಟ್ಟಿಗಳಲ್ಲಿ ಉಪವಾಸದ ಇನ್ಸುಲಿನ್ನನ್ನೂ ಸೇರಿಸುತ್ತಿದ್ದಾರೆ. ಪಕ್ಕದಲ್ಲಿ ಸಕ್ಕರೆಯ ಅಂಕಿಯಿಲ್ಲದೆ, ಕೇಳಿದ ವೈದ್ಯರಿಲ್ಲದೆ ಬಂದ ಇನ್ಸುಲಿನ್ ಅಂಕಿಯಿಂದ ಹೆದರಿಕೆಯಲ್ಲದೆ ಬೇರೇನೂ ಹುಟ್ಟುವುದನ್ನು ನಾನು ನೋಡಿಲ್ಲ.

ಇಷ್ಟು ಸಣ್ಣ ಪ್ರಮಾಣದ ವಸ್ತುವನ್ನು ಅಳೆಯಲು ಸಾಧ್ಯವಾದದ್ದು ಹೇಗೆ ಎಂಬ ಕಥೆಯನ್ನು, ನನ್ನ ಕಸುಬಿನ ಅಭಿಮಾನದಿಂದ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಉಪವಾಸದಲ್ಲಿ ಒಂದು ಮಿಲಿಲೀಟರ್ ರಕ್ತದಲ್ಲಿರುವ ಇನ್ಸುಲಿನ್ ಒಂದು ಗ್ರಾಮಿನ ನೂರು ಕೋಟಿ ಪಾಲಿನಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅದನ್ನು ತೂಗುವ ತಕ್ಕಡಿಯಿಲ್ಲ, ಬಣ್ಣ ಬರಿಸುವ ರಾಸಾಯನಿಕವೂ ಇಲ್ಲ. ನ್ಯೂಯಾರ್ಕಿನ ಬ್ರಾಂಕ್ಸ್‌ನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿದ್ದ ಭೌತವಿಜ್ಞಾನಿ ರೊಸಾಲಿನ್ ಯಾಲೊ ಮತ್ತು ವೈದ್ಯ ಸಾಲೊಮನ್ ಬರ್ಸನ್, ಪ್ರಾಣಿಗಳ ಇನ್ಸುಲಿನ್ ಚುಚ್ಚಿಸಿಕೊಂಡವರ ರಕ್ತದಲ್ಲಿ ಅದಕ್ಕೆ ಪ್ರತಿಕಾಯ ಹುಟ್ಟುವುದನ್ನು ಕಂಡರು. ಅಷ್ಟು ಚಿಕ್ಕ ಅಣುವಿಗೆ ಪ್ರತಿಕಾಯ ಹುಟ್ಟದು ಎಂದು ಆ ಪ್ರಬಂಧವನ್ನು ಪತ್ರಿಕೆಯೊಂದು ಮೊದಲು ತಿರಸ್ಕರಿಸಿತ್ತು. ಆ ತಿರಸ್ಕಾರದ ಕಾಗದವನ್ನು ಯಾಲೊ ಜೋಪಾನವಾಗಿ ಇಟ್ಟುಕೊಂಡಿದ್ದರು. ಅವರ ಉಪಾಯವಿದು: ಸೀಮಿತ ಪ್ರಮಾಣದ ಪ್ರತಿಕಾಯಕ್ಕೆ ವಿಕಿರಣದ ಗುರುತು ಹಚ್ಚಿದ ಇನ್ಸುಲಿನ್ನನ್ನೂ ರೋಗಿಯ ರಕ್ತವನ್ನೂ ಒಟ್ಟಿಗೆ ಬೆರೆಸಬೇಕು. ರೋಗಿಯ ಇನ್ಸುಲಿನ್ ಹೆಚ್ಚಿದ್ದಷ್ಟೂ ಅದೇ ಜಾಗವನ್ನು ಆಕ್ರಮಿಸಿಕೊಂಡು ಗುರುತಿನ ಇನ್ಸುಲಿನ್ನನ್ನು ಹೊರದಬ್ಬುತ್ತದೆ. ಹೊರಬಿದ್ದದ್ದನ್ನು ಎಣಿಸಿದರೆ ರೋಗಿಯದು ಎಷ್ಟೆಂದು ತಿಳಿಯುತ್ತದೆ. ಈ ವಿಧಾನಕ್ಕೆ ಅವರು ಪೇಟೆಂಟ್ ತೆಗೆದುಕೊಳ್ಳಲಿಲ್ಲ. 1972ರಲ್ಲಿ ಬರ್ಸನ್ ತೀರಿಕೊಂಡರು, 1977ರಲ್ಲಿ ಯಾಲೊಗೆ ನೊಬೆಲ್ ಬಂತು. ಹೈಪೋಥಲಾಮಸ್ಸಿನ ಹಾರ್ಮೋನುಗಳನ್ನು ಬೇರ್ಪಡಿಸಿದ ಗಿಯೆಮಾ ಮತ್ತು ಶಾಲಿ ಅದೇ ಪ್ರಶಸ್ತಿಯನ್ನು ಹಂಚಿಕೊಂಡರು.

ಇಂದಿನ ಯಂತ್ರಗಳಲ್ಲಿ ವಿಕಿರಣದ ಬದಲು ಬೆಳಕನ್ನು ಎಣಿಸುತ್ತಾರೆ. ಯಂತ್ರ ಎಷ್ಟು ನಿಖರವಾದರೂ ಅದನ್ನು ದಾರಿ ತಪ್ಪಿಸುವ ವಸ್ತುಗಳಿವೆ. ಕೂದಲು ಉದುರುತ್ತದೆಂದು ಬಯೋಟಿನ್ ಎಂಬ ವಿಟಮಿನ್ನಿನ ಮಾತ್ರೆಯನ್ನು ಹೆಚ್ಚಿನ ಪ್ರಮಾಣದಲ್ಲಿ ನುಂಗುವವರ ರಕ್ತ ಕೆಲವು ಬಗೆಯ ಕಿಟ್‌ಗಳಲ್ಲಿ ಟಿಎಸ್‌ಎಚ್ಚನ್ನು ನಿಜಕ್ಕಿಂತ ಕಡಿಮೆಯಾಗಿ, ಟಿ4 ಅನ್ನು ನಿಜಕ್ಕಿಂತ ಹೆಚ್ಚಾಗಿ ತೋರಿಸುತ್ತದೆ. ಕಾಗದದ ಮೇಲೆ ಅದು ತದ್ವತ್ ಗ್ರೇವ್ಸ್ ರೋಗ. ವಿದ್ಯಾರ್ಥಿನಿಯರ ಹಾಸ್ಟೆಲುಗಳು ತುಂಬಿರುವ ಈ ಊರಿನಲ್ಲಿ, ರಕ್ತ ತೆಗೆಯುವ ಮುನ್ನ ಕೂದಲಿನ ಮಾತ್ರೆಯ ಬಗ್ಗೆ ಕೇಳುವುದನ್ನು ನಾನು ಕಿರಿಯ ಸಹೋದ್ಯೋಗಿಗಳಿಗೆ ರೂಢಿ ಮಾಡಿಸಿದ್ದೆ.

ಪ್ರೊಲ್ಯಾಕ್ಟಿನ್ ಕುರಿತೂ ಹೀಗೆಯೇ. ತಾಯಿಯ ಎದೆಹಾಲಿಗೆ ಕಾರಣವಾದ ಈ ಹಾರ್ಮೋನು ಪಿಟ್ಯುಟರಿಯ ಉಳಿದ ಹಾರ್ಮೋನುಗಳಂತಲ್ಲ. ಅವುಗಳನ್ನು ಮೇಲಿನಿಂದ ಪ್ರಚೋದಿಸಬೇಕು, ಇದನ್ನು ಮೆದುಳಿನಿಂದ ಬರುವ ಡೋಪಮಿನ್ ಎಂಬ ವಸ್ತು ಸದಾ ಅದುಮಿಟ್ಟಿರುತ್ತದೆ. ಆ ಅದುಮುವಿಕೆ ಸಡಿಲವಾದರೆ ಸಾಕು, ಪ್ರೊಲ್ಯಾಕ್ಟಿನ್ ತಾನಾಗಿ ಏರುತ್ತದೆ, ಮುಟ್ಟು ಏರುಪೇರಾಗುತ್ತದೆ. ಹೊಟ್ಟೆಯುರಿಗೆಂದು ಜನ ಮೆಡಿಕಲ್ ಶಾಪಿನಲ್ಲಿ ಕೇಳಿ ಕೊಂಡು ನುಂಗುವ ಗ್ಯಾಸ್ ಮಾತ್ರೆಗಳಲ್ಲಿ ಬಹಳಷ್ಟಕ್ಕೆ ಡೋಂಪೆರಿಡೋನ್ ಬೆರೆತಿರುತ್ತದೆ, ಮತ್ತು ಡೋಂಪೆರಿಡೋನ್ ಮಾಡುವುದು ಈ ಸಡಿಲಿಸುವ ಕೆಲಸವನ್ನೇ. ಮೆದುಳಿನಲ್ಲಿ ಗೆಡ್ಡೆಯಿದೆಯೇ ಎಂದು ಸ್ಕ್ಯಾನಿಗೆ ಓಡುವ ಮೊದಲು ಗ್ಯಾಸ್ ಮಾತ್ರೆಯ ವಿಷಯವನ್ನು ವೈದ್ಯರಿಗೆ ತಿಳಿಸಿದರೆ ಎಷ್ಟೋ ಮನೆಗಳ ಹಣವೂ ನಿದ್ದೆಯೂ ಉಳಿಯುತ್ತವೆ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದ ವರದಿಗಳು ಕಾರ್ಟಿಸಾಲಿನವು. ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿರುವ, ಒಂದೊಂದೂ ಸುಮಾರು ನಾಲ್ಕೈದು ಗ್ರಾಂ ತೂಗುವ ಅಡ್ರಿನಲ್ ಗ್ರಂಥಿಗಳು ಇದನ್ನು ತಯಾರಿಸುತ್ತವೆ. ಇದರ ಮಟ್ಟ ನಸುಕಿನಲ್ಲಿ ಏರತೊಡಗಿ, ಎದ್ದ ಹೊತ್ತಿಗೆ ಶಿಖರ ಮುಟ್ಟಿ, ದಿನವಿಡೀ ಇಳಿಯುತ್ತ ಮಧ್ಯರಾತ್ರಿಯ ಸುಮಾರಿಗೆ ತಳ ಕಾಣುತ್ತದೆ. ಬೆಳಗಿನ ಎಂಟರ ಮಾದರಿಗೆ ಸಹಜವಾದ ಅಂಕಿ ರಾತ್ರಿ ಹನ್ನೊಂದರ ಮಾದರಿಗೆ ರೋಗದ ಗುರುತಾಗಬಹುದು. ಮೊಳಕಾಲ್ಮೂರು, ಚಳ್ಳಕೆರೆ ಕಡೆಯಿಂದ ಮೊದಲ ಬಸ್ಸಿಗೆ ಹೊರಟು ಹತ್ತೂವರೆಗೆ ಬಂದು ತಲುಪುವವರಿಗೆ, ನಾಳೆ ಬೇಗ ಬನ್ನಿ ಎನ್ನುವುದು ಎಷ್ಟು ಕಷ್ಟದ ಮಾತೆಂದು ನನಗೆ ಗೊತ್ತು, ಆದರೂ ಹೇಳಲೇಬೇಕಾಗಿತ್ತು.

ಕಾರ್ಟಿಸಾಲಿನ ಕುಟುಂಬದ ಔಷಧಿಗಳು ಊತ, ನೋವನ್ನು ಇಳಿಸುವುದರಲ್ಲಿ ಅದ್ಭುತ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಸಂಧಿವಾತದ ರೋಗಿಗೆ ಕಾರ್ಟಿಸೋನ್ ಕೊಟ್ಟಾಗ, ಹಾಸಿಗೆ ಹಿಡಿದಿದ್ದವರು ಕೆಲವೇ ದಿನಗಳಲ್ಲಿ ನಡೆದಾಡಿದರು. 1950ರಲ್ಲಿ ಹೆಂಚ್‌ಗೂ, ಅಡ್ರಿನಲ್ ಹಾರ್ಮೋನುಗಳ ಮೇಲೆ ಕೆಲಸ ಮಾಡಿದ್ದ ಕೆಂಡಲ್, ರೈಕ್‌ಸ್ಟೈನ್‌ರಿಗೂ ನೊಬೆಲ್ ಬಂತು. ವೈದ್ಯರ ನಿಗಾದಲ್ಲಿ ಈ ಔಷಧಿಗಳು ಇಂದಿಗೂ ಪ್ರಾಣ ಉಳಿಸುತ್ತಿವೆ. ಆದರೆ ಇವೇ ಔಷಧಿಗಳು ಹೆಸರಿಲ್ಲದ ಪೊಟ್ಟಣದ ಪುಡಿಯಾಗಿ, ಗಿಡಮೂಲಿಕೆಯೆಂಬ ಮಾತಿನಡಿ, ಮಂಡಿನೋವಿನ ಹಿರಿಯರ ಕೈಗೂ ಬರುತ್ತವೆ. ಮೂರು ದಿನದಲ್ಲಿ ನೋವು ಮಾಯವಾಗುತ್ತದೆ, ಹಸಿವು ಹೆಚ್ಚುತ್ತದೆ, ಪುಡಿ ಕೊಟ್ಟವನ ಹೆಸರು ನಾಲ್ಕು ಊರಿಗೆ ಹಬ್ಬುತ್ತದೆ. ತಿಂಗಳುಗಳು ಕಳೆದಂತೆ ಮುಖ ದುಂಡಗಾಗಿ, ಹೊಟ್ಟೆ ಬೆಳೆದು, ಕೈಕಾಲು ತೆಳುವಾಗಿ, ಚರ್ಮ ಮುಟ್ಟಿದರೆ ನೀಲಿಗಟ್ಟಿ, ಸಕ್ಕರೆ, ರಕ್ತದೊತ್ತಡ ಎರಡೂ ಏರುತ್ತವೆ.

ಅಂಥವರ ರಕ್ತ ಪ್ರಯೋಗಾಲಯಕ್ಕೆ ಬಂದಾಗ ಕಾರ್ಟಿಸಾಲ್ ಎಷ್ಟಿರುತ್ತದೆಂದು ಊಹಿಸಿ. ದೇಹವೆಲ್ಲ ಅದರ ಅತಿರೇಕವನ್ನು ಸಾರುತ್ತಿದ್ದರೂ ವರದಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಡೆಕ್ಸಾಮೆಥಸೋನ್‌ನಂಥ ಔಷಧಿ ಕಾರ್ಟಿಸಾಲಿಗಿಂತ ಸುಮಾರು ಇಪ್ಪತ್ತೈದು ಪಟ್ಟು ಪ್ರಬಲ, ಆದರೆ ಕಾರ್ಟಿಸಾಲ್ ಅಳೆಯುವ ಕಿಟ್‌ಗೆ ಅದು ಕಾಣುವುದಿಲ್ಲ. ಪಿಟ್ಯುಟರಿಗೆ ಮಾತ್ರ ಚೆನ್ನಾಗಿ ಕಾಣುತ್ತದೆ. ಸಾಕು ಸಾಕೆಂದು ಪಿಟ್ಯುಟರಿ ತನ್ನ ಪ್ರಚೋದನೆಯನ್ನು ನಿಲ್ಲಿಸುತ್ತದೆ, ಕೆಲಸವಿಲ್ಲದ ಅಡ್ರಿನಲ್ ಗ್ರಂಥಿಗಳು ಸೊರಗುತ್ತವೆ. ಅಪಾಯವಿರುವುದು ಇಲ್ಲಿಯೇ: ಪುಡಿಯಲ್ಲಿ ಏನಿದೆಯೆಂದು ಗೊತ್ತಾದ ಮನೆಯವರು ಸಿಟ್ಟಿನಿಂದ ಅದನ್ನು ತಿಪ್ಪೆಗೆಸೆದು ಒಂದೇ ದಿನದಲ್ಲಿ ನಿಲ್ಲಿಸಿಬಿಟ್ಟರೆ, ದೇಹದಲ್ಲಿ ಹೊರಗಿನದೂ ಇಲ್ಲ, ಒಳಗಿನದೂ ಇಲ್ಲ. ವಾಂತಿ, ವಿಪರೀತ ಸುಸ್ತು, ಕುಸಿಯುವ ರಕ್ತದೊತ್ತಡ. ಜ್ವರವೋ ಭೇದಿಯೋ ಜೊತೆಗೂಡಿದರೆ ಪ್ರಾಣವೇ ಹೋಗಬಹುದು. ಸೊರಗಿದ ಗ್ರಂಥಿ ಮತ್ತೆ ಚೇತರಿಸಿಕೊಳ್ಳಲು ತಿಂಗಳುಗಳು ಬೇಕಾಗಬಹುದಾದ್ದರಿಂದ, ವೈದ್ಯರು ಗೊತ್ತಿರುವ ಪ್ರಮಾಣದ ಮಾತ್ರೆ ಕೊಟ್ಟು ಹಂತಹಂತವಾಗಿ ಇಳಿಸುತ್ತಾರೆ. ಪೊಟ್ಟಣವನ್ನು ಎಸೆಯದೆ ಆಸ್ಪತ್ರೆಗೆ ತನ್ನಿ ಎಂದು ನಾನು ಕಂಡವರಿಗೆಲ್ಲ ಹೇಳುತ್ತೇನೆ.

ನೀರಿನ ಲೆಕ್ಕವೂ ಗ್ರಂಥಿಗಳ ಕೈಯಲ್ಲೇ ಇದೆ. ಮಳೆ ಕಡಿಮೆಯ ಚಿತ್ರದುರ್ಗ ಸೀಮೆಯಲ್ಲಿ ಏಪ್ರಿಲ್, ಮೇ ಬಿಸಿಲಿಗೆ ಹೊಲದಲ್ಲಿ ನಿಂತವರ ಮೂತ್ರ ಗಾಢ ಹಳದಿಯಾಗುವುದು ರೋಗವಲ್ಲ. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ, ಹೊರಹೋಗುವುದು ಒಂದೂವರೆ ಲೀಟರಿನಷ್ಟು. ಕೊನೆಯ ಹಂತದಲ್ಲಿ ಎಷ್ಟು ನೀರನ್ನು ಮರಳಿ ಹೀರಬೇಕೆಂದು ಹೇಳುವುದು ಪಿಟ್ಯುಟರಿಯ ಹಿಂಭಾಗದಿಂದ ಬರುವ ವ್ಯಾಸೊಪ್ರೆಸಿನ್. ರಕ್ತದ ಸಾಂದ್ರತೆ ನೂರಕ್ಕೆ ಒಂದೆರಡು ಪಾಲು ಏರಿದರೂ ಅದು ಹೊರಬರುತ್ತದೆ, ನೀರಡಿಕೆಯೂ ಜೊತೆಗೇ ಬರುತ್ತದೆ. ಮದ್ಯ ಅದನ್ನು ತಡೆಯುವುದರಿಂದ, ಬಿಸಿಲಿನಲ್ಲಿ ದುಡಿದು ಸಂಜೆ ಕುಡಿದವರು ಉಳಿಸಿಕೊಳ್ಳಬೇಕಾದ ನೀರನ್ನು ಮೂತ್ರದಲ್ಲಿ ಕಳೆದುಕೊಳ್ಳುತ್ತಾರೆ. ಕ್ಯಾಲ್ಸಿಯಂ ಲೆಕ್ಕ ನೋಡುವುದು ಥೈರಾಯ್ಡಿನ ಬೆನ್ನಿಗಂಟಿದ ಅಕ್ಕಿಕಾಳಿನಷ್ಟರ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳು. ಅವುಗಳ ಹಾರ್ಮೋನನ್ನು ಅದೇ ಸಲ ತೆಗೆದ ರಕ್ತದ ಕ್ಯಾಲ್ಸಿಯಂ ಅಂಕಿಯ ಪಕ್ಕದಲ್ಲಿಟ್ಟೇ ಓದಬೇಕು ಎಂಬುದನ್ನು ಇಷ್ಟು ಓದಿದವರಿಗೆ ಮತ್ತೆ ವಿವರಿಸಬೇಕಾಗಿಲ್ಲ.

ಮರಳಿ ಥೈರಾಯ್ಡ್ ಮಾತ್ರೆಗೆ ಬಂದರೆ, ಅದು ನಮ್ಮ ಗ್ರಂಥಿ ತಯಾರಿಸುವ ಟಿ4ನ ತದ್ರೂಪವೇ ಹೊರತು ಗ್ರಂಥಿಯನ್ನು ಕೆರಳಿಸುವ ಔಷಧಿಯಲ್ಲ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರಿ ಕುರಿಯ ಥೈರಾಯ್ಡಿನ ಸಾರವನ್ನು ಚುಚ್ಚಿ ಉಳಿಸಿದ ಹೆಂಗಸು ಮುಂದೆ ಇಪ್ಪತ್ತೆಂಟು ವರ್ಷ ಬಾಳಿದಳು. ಇಂದಿನ ಮಾತ್ರೆ ಅದೇ ತತ್ತ್ವದ ಶುದ್ಧ ರೂಪ. ನಸುಕಿನಲ್ಲಿ ಬರಿಹೊಟ್ಟೆಗೆ ನೀರಿನೊಡನೆ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆ ಏನನ್ನೂ ತಿನ್ನಬಾರದು. ಅದರ ಬೆನ್ನಿಗೇ ಕಾಫಿ ಕುಡಿದರೆ ಹೀರಿಕೆ ತಗ್ಗುತ್ತದೆ; ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರ ಬೇಕು. ಪ್ರಮಾಣ ಹೆಚ್ಚಿಸುತ್ತ ಹೋದರೂ ಟಿಎಸ್‌ಎಚ್ ಇಳಿಯುತ್ತಿಲ್ಲವೆಂದು ಬರುವವರಲ್ಲಿ ಎಷ್ಟೋ ಜನ ಮಾತ್ರೆಯನ್ನು ಕಾಫಿಯ ಲೋಟದೊಡನೆಯೇ ನುಂಗುತ್ತಿರುತ್ತಾರೆ. ಗರ್ಭಿಣಿಯಾದೊಡನೆ ಮಾತ್ರೆ ನಿಲ್ಲಿಸುವವರೂ ಇದ್ದಾರೆ. ನಿಜಕ್ಕೂ ಆಗ ಹೆಚ್ಚಿನ ಪ್ರಮಾಣವೇ ಬೇಕಾಗುತ್ತದೆ, ಏಕೆಂದರೆ ಮೊದಲ ತಿಂಗಳುಗಳಲ್ಲಿ ಮಗುವಿನ ಮೆದುಳು ತಾಯಿಯ ಟಿ4ನಿಂದಲೇ ಬೆಳೆಯುತ್ತದೆ.

ಕೆಲವು ಮಕ್ಕಳು ಥೈರಾಯ್ಡ್ ಗ್ರಂಥಿಯಿಲ್ಲದೆಯೋ, ಕೆಲಸ ಮಾಡದ ಗ್ರಂಥಿಯೊಡನೆಯೋ ಹುಟ್ಟುತ್ತವೆ. ತಾಯಿಯಿಂದ ಬಂದ ಟಿ4 ಇನ್ನೂ ಇರುವುದರಿಂದ ಹುಟ್ಟಿದಾಗ ನೋಡಲು ಅವು ಬಹುಮಟ್ಟಿಗೆ ಎಲ್ಲ ಮಕ್ಕಳಂತೆಯೇ ಇರುತ್ತವೆ. ಲಕ್ಷಣಗಳು ಕಾಣಲೆಂದು ಕಾದರೆ ಬುದ್ಧಿಗೆ ಆದ ಹಾನಿ ಮತ್ತೆ ಸರಿಹೋಗದು. ಮೊದಲ ಎರಡು ವಾರಗಳೊಳಗೆ ಮಾತ್ರೆ ಶುರುವಾದರೆ ಮಗು ಉಳಿದವರಂತೆ ಕಲಿತು ಬೆಳೆಯುತ್ತದೆ. ಅದಕ್ಕಾಗಿಯೇ ಹಿಮ್ಮಡಿಯಿಂದ ಕೆಲವು ಹನಿ ರಕ್ತ ತೆಗೆದು ಟಿಎಸ್‌ಎಚ್ ನೋಡುವ ಕ್ರಮವಿದೆ. ಆದರೆ ಹುಟ್ಟಿದ ಅರ್ಧ ಗಂಟೆಯಲ್ಲಿ, ಹೊರಗಿನ ತಂಪಿಗೆ ಉತ್ತರವಾಗಿ, ಪ್ರತಿಯೊಂದು ಆರೋಗ್ಯವಂತ ಮಗುವಿನ ಟಿಎಸ್‌ಎಚ್ ಕೂಡ 60, 80ರವರೆಗೆ ಜಿಗಿದು, ನಂತರದ ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಹೆರಿಗೆಯಾದ ದಿನವೇ, ಡಿಸ್ಚಾರ್ಜ್ ಆಗುವ ಅವಸರದಲ್ಲಿ, ಈಗಲೇ ರಕ್ತ ತೆಗೆದುಬಿಡಿ ಎಂದು ಅಜ್ಜಂದಿರು ಬಂದು ಒತ್ತಾಯಿಸುತ್ತಾರೆ. ಎರಡು ದಿನ ತುಂಬಲಿ ಅಜ್ಜಾ, ಮೂರನೆಯ ದಿನ ತೆಗೆಯೋಣ ಎಂದು ಹೇಳಿ, ಮಗುವಿನ ಹೆಸರಿನ ಜಾಗದಲ್ಲಿ ತಾಯಿಯ ಹೆಸರನ್ನೂ, ಹುಟ್ಟಿದ ದಿನಾಂಕದ ಜೊತೆಗೆ ಹುಟ್ಟಿದ ಗಂಟೆಯನ್ನೂ ಚೀಟಿಯಲ್ಲಿ ಬರೆಸಿಕೊಳ್ಳುತ್ತೇವೆ.